ಸಮವಸ್ತ್ರದೊಳಗಿನ ಮನುಷ್ಯರನ್ನು ಮಕ್ಕಳು ಬರೆಯಲಿ

ಬೆಳಗಾಗಿ ನಾವು ಬಾಗಿಲು ತೆರೆಯುವ ವೇಳೆಗೆ ನಮ್ಮ ಓಣಿಯಲ್ಲಿ ಹಲವರ ದುಡಿಮೆ ಆಗಲೇ ಅರ್ಧ ಮುಗಿದಿರುತ್ತದೆ. ಪೌರಕಾರ್ಮಿಕರು ಬೀದಿ ಗುಡಿಸಿ ಮುಂದಿನ ಓಣಿಗೆ ಹೋಗಿರುತ್ತಾರೆ. ರಾತ್ರಿಯ ಗಾಳಿಮಳೆಗೆ ಹರಿದ ವಿದ್ಯುತ್ ತಂತಿಯನ್ನು ಜೋಡಿಸಿ ಲೈನ್‌ಮನ್ ಕಂಬದಿಂದ ಇಳಿದಿರುತ್ತಾರೆ. ಮೊದಲ ಬಸ್ಸಿನ ಚಾಲಕರೂ ನಿರ್ವಾಹಕರೂ ಎರಡು ಊರು ದಾಟಿರುತ್ತಾರೆ. ಇವರ ಹೆಸರು ನಮಗೆ ತಿಳಿಯದು. ತೊಟ್ಟ ಉಡುಪಿನಿಂದಲೇ ಇವರನ್ನು ಗುರುತಿಸುತ್ತೇವೆ. ದೊಡ್ಡವರಾದ ನಮ್ಮ ಸ್ಥಿತಿಯೇ ಹೀಗಿರುವಾಗ ಮಕ್ಕಳಿಂದ ಹೆಚ್ಚಿನದನ್ನು ಹೇಗೆ ನಿರೀಕ್ಷಿಸೋಣ?

ಪ್ರಾಥಮಿಕ ಶಾಲೆಗಳಲ್ಲಿ ಇಂಥ ಸೇವಾನಿರತರ ಪರಿಚಯ ಮಾಡಿಸಿ, ಅವರಲ್ಲೊಬ್ಬರ ಚಿತ್ರವನ್ನು ಬರೆದು ತರುವಂತೆ ಮಕ್ಕಳಿಗೆ ಹೇಳುವುದುಂಟು. ಒಳ್ಳೆಯ ಅಭ್ಯಾಸವಿದು. ಆದರೆ ಮನೆಯಲ್ಲಿ ಆಗುವುದೇನು? ರಾತ್ರಿ ಊಟವಾದ ಮೇಲೆ ನೆನಪಾಗುತ್ತದೆ. ತಂದೆ ಅಂಗಡಿಗೆ ಓಡಿ ಅಚ್ಚಾದ ಚಿತ್ರಪಟವೊಂದನ್ನು ತರುತ್ತಾರೆ. ಅದರೊಳಗಿನ ಪೊಲೀಸ್ ಚಿತ್ರವನ್ನು ಕತ್ತರಿಸಿ ಅಂಟಿಸಿದರೆ ಕೆಲಸ ಮುಗಿಯಿತು. ಇಲ್ಲವೇ ತಾಯಿಯೇ ಚಿತ್ರ ಬರೆದು, ಬಣ್ಣ ತುಂಬುವುದನ್ನಷ್ಟೇ ಮಗುವಿಗೆ ಬಿಡುತ್ತಾರೆ. ಮರುದಿನ ಶಾಲೆಯಲ್ಲಿ ನಾಲ್ವತ್ತು ಮಕ್ಕಳ ಕೈಯಲ್ಲಿ ಒಂದೇ ಬಗೆಯ ನಾಲ್ವತ್ತು ಪೊಲೀಸರು! ಯಾವ ಮಗುವೂ ಯಾರನ್ನೂ ನೋಡಿರುವುದಿಲ್ಲ.

ಚಿತ್ರ ಬರೆಯುವುದೆಂದರೆ ಮೊದಲು ನೋಡುವುದು. ಕೈಯ ಕೆಲಸ ಆಮೇಲಿನದು. ಒಬ್ಬ ಮನುಷ್ಯರನ್ನು ಹತ್ತು ನಿಮಿಷ ಗಮನವಿಟ್ಟು ನೋಡಿದ ಮಗು ಮುಂದೆ ಅವರನ್ನು ಕಂಡೂ ಕಾಣದಂತೆ ದಾಟಿಹೋಗಲಾರದು. ಈ ಪಾಠವನ್ನು ಪಾಲಕರು ಮನೆಯಲ್ಲಿಯೇ ಹೇಗೆ ನಡೆಸಬಹುದು, ಅದರಿಂದ ಏನು ಫಲ ಎಂಬುದನ್ನು ಇಲ್ಲಿ ವಿವೇಚಿಸೋಣ.

ಮೊದಲು ಭಯ ಬಿಡಿಸಿರಿ

ನಮ್ಮ ಮನೆಗಳಲ್ಲಿ ಒಂದು ಹಳೆಯ ರೂಢಿಯಿದೆ. ಮಗು ಊಟ ಮಾಡದಿದ್ದರೆ "ಪೊಲೀಸರನ್ನು ಕರೆಯುತ್ತೇನೆ" ಎನ್ನುವುದು, ಹಟ ಮಾಡಿದರೆ "ನರ್ಸಮ್ಮನಿಂದ ಸೂಜಿ ಚುಚ್ಚಿಸುತ್ತೇನೆ" ಎನ್ನುವುದು. ಹೀಗೆ ಬೆಳೆದ ಮಗುವಿನ ಕೈಗೆ ಸೀಸದಕಡ್ಡಿ ಕೊಟ್ಟು ಪೊಲೀಸರನ್ನು ಬರೆ ಎಂದು ಹೇಳಿ ನೋಡಿರಿ. ಹಾಳೆಯ ತುಂಬ ದೊಡ್ಡ ಮೀಸೆ, ಕೆಂಪು ಕಣ್ಣು, ತನಗಿಂತ ಉದ್ದನೆಯ ಲಾಠಿ ಮೂಡುತ್ತವೆ. ಇದು ಆ ಮನುಷ್ಯರ ಚಿತ್ರವಲ್ಲ, ಮಗುವಿನ ಭಯದ ಚಿತ್ರ. ಜಾತ್ರೆಯ ಜಂಗುಳಿಯಲ್ಲಿ ಕೈತಪ್ಪಿದ ದಿನ ಇದೇ ಮಗು ಪೊಲೀಸರನ್ನು ಕಂಡು ಓಡಿ ಅಡಗಿಕೊಂಡರೆ ಅದರ ಹೊಣೆ ಯಾರದು?

ಆದಕಾರಣ ಚಿತ್ರದ ಪಾಠ ಮಾತಿನಿಂದಲೇ ಆರಂಭವಾಗಬೇಕು. ಪೊಲೀಸರು, ದಾದಿಯರು, ಅಗ್ನಿಶಾಮಕ ದಳದವರು ಯಾವಾಗ ಬರುತ್ತಾರೆ, ಏಕೆ ಬರುತ್ತಾರೆ ಎಂಬುದನ್ನು ಮಗುವಿಗೆ ತಿಳಿಸಿರಿ. ಸಂಕಟದಲ್ಲಿ ಕರೆಯಬೇಕಾದ 112 ಎಂಬ ಸಂಖ್ಯೆಯನ್ನೂ, ಮಕ್ಕಳ ಸಹಾಯವಾಣಿಯಾದ 1098ನ್ನೂ ಚಿತ್ರದ ಮೂಲೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆಯಿಸಿರಿ. ತಾನೇ ಬರೆದ ಅಂಕೆ ಮಗುವಿಗೆ ಮರೆಯದು.

ಒಬ್ಬರನ್ನು ಆರಿಸಿ, ನೋಡಿ

ಎಲ್ಲ ಸೇವಕರನ್ನೂ ಒಂದೇ ಹಾಳೆಯಲ್ಲಿ ಬರೆಯಿಸುವ ಆತುರ ಬೇಡ. ಮಗು ಪ್ರತ್ಯಕ್ಷ ಕಾಣಬಲ್ಲ ಒಬ್ಬರನ್ನು ಆರಿಸಿಕೊಳ್ಳಲಿ. ಅಂಚೆಯಣ್ಣ ಬರುವ ಹೊತ್ತಿಗೆ ಮಗುವನ್ನು ಕಟ್ಟೆಯ ಮೇಲೆ ಕೂಡ್ರಿಸಿರಿ. "ಅಣ್ಣಾ, ನಮ್ಮ ಮಗು ನಿಮ್ಮ ಚಿತ್ರ ಬರೆಯಬೇಕೆಂದಿದೆ, ಎರಡು ನಿಮಿಷ ನಿಲ್ಲುವಿರಾ?" ಎಂದು ಕೇಳಿದರೆ ಬೇಡವೆನ್ನುವವರು ವಿರಳ. ಬಿಸಿಲಲ್ಲಿ ಬಂದವರಿಗೆ ಒಂದು ತಂಬಿಗೆ ನೀರು ಕೊಡುವುದನ್ನು ಮರೆಯಬೇಡಿರಿ. ಅವರ ಹೆಸರೇನು, ಊರು ಯಾವುದು, ಎಷ್ಟು ಹೊತ್ತಿಗೆ ಏಳುತ್ತಾರೆ ಎಂದು ಮಗುವೇ ಕೇಳಲಿ. ಚಿತ್ರದ ಕೆಳಗೆ "ಪೋಸ್ಟ್‌ಮನ್" ಎಂದು ಬರೆಯುವ ಬದಲು ಅವರ ಹೆಸರನ್ನೇ ಬರೆಯಲಿ. ಇಡೀ ಪಾಠದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ ಎಂದು ನಾವು ಭಾವಿಸುತ್ತೇವೆ.

ವಯಸ್ಸಿಗೆ ತಕ್ಕಂತೆ ನಿರೀಕ್ಷೆಯೂ ಇರಬೇಕು. ಮೂರು ನಾಲ್ಕು ವರ್ಷದ ಮಗು ಒಂದು ದುಂಡು ಬರೆದು ಅದರಿಂದಲೇ ಎರಡು ಕಾಲು ಇಳಿಬಿಡುತ್ತದೆ. ಅದಕ್ಕೆ ಅಷ್ಟೇ ಮನುಷ್ಯಾಕೃತಿ. ಐದಾರು ವರ್ಷಕ್ಕೆ ಹೊಟ್ಟೆ, ಕೈ, ಬೆರಳು, ನಿಲ್ಲಲು ನೆಲದ ಗೆರೆ ಕಾಣಿಸಿಕೊಳ್ಳುತ್ತವೆ. ಏಳೆಂಟಕ್ಕೆ ಗುಂಡಿ, ಜೇಬು, ಬಿಲ್ಲೆಗಳ ಮೇಲೆ ಅಕ್ಕರೆ ಹುಟ್ಟುತ್ತದೆ. ಒಂಬತ್ತು ಹತ್ತು ದಾಟಿದ ಮೇಲೆ "ಇದು ನಿಜವಾಗಿ ಹಾಗೆಯೇ ಕಾಣುತ್ತದೆಯೇ?" ಎಂಬ ಚಿಂತೆ ಮಗುವನ್ನು ಕಾಡುತ್ತದೆ. ಅಳತೆಯ ಮಾತನ್ನು ಆಗ ಹೇಳಿಕೊಟ್ಟರೆ ಸಾಕು. ಅದಕ್ಕೆ ಮೊದಲೇ ಹೇಳಿದರೆ ಮಗುವಿನ ಉತ್ಸಾಹ ಬಾಡೀತು.

ಅಳತೆಯ ಸುಲಭ ಮಾರ್ಗ

ನಮ್ಮ ಶಿಲ್ಪಶಾಸ್ತ್ರದಲ್ಲಿ ತಾಳಮಾನವೆಂಬ ಕ್ರಮವಿದೆ. ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು ಇಡೀ ಮೂರ್ತಿಯನ್ನು ಅಳೆಯುತ್ತಾರೆ. ದೇವತೆಗಳಿಗೆ ನವತಾಳ, ದಶತಾಳ; ಮನುಷ್ಯರ ಆಕೃತಿಗೆ ಅಷ್ಟತಾಳವನ್ನು ಹೇಳುವುದುಂಟು. ಇಂದಿನ ಚಿತ್ರಕಲಾ ಶಿಕ್ಷಕರು ಮುಖದ ಬದಲು ಇಡೀ ತಲೆಯನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಬೆಳೆದ ಮನುಷ್ಯರ ಎತ್ತರ ತಲೆಯ ಸುಮಾರು ಏಳರಿಂದ ಏಳೂವರೆ ಪಟ್ಟು ಇರುತ್ತದೆ. ಕಲಿಯುವವರ ಅನುಕೂಲಕ್ಕಾಗಿ ಎಂಟು ಎಂದಿಟ್ಟುಕೊಳ್ಳುವುದು ವಾಡಿಕೆ.

ಎಂಟನ್ನು ಮಾಡಲು ಅಳತೆಪಟ್ಟಿಯೇ ಬೇಡ. ಹಾಳೆಯನ್ನು ಉದ್ದಕ್ಕೆ ಅರ್ಧ ಮಡಚಿ, ಇನ್ನೊಮ್ಮೆ, ಮತ್ತೊಮ್ಮೆ ಮಡಚಿ ಬಿಡಿಸಿದರೆ ಎಂಟು ಸಮಭಾಗಗಳಾಗುತ್ತವೆ. ಮೇಲಿನ ಮೊದಲ ಭಾಗದಲ್ಲಿ ತಲೆ. ಮೂರನೆಯ ಮಡಿಕೆಯ ಗೆರೆಗೆ ಹೊಕ್ಕಳು. ನಾಲ್ಕನೆಯ ಗೆರೆ ನಟ್ಟನಡುವೆ ಬರುತ್ತದೆ. ಅಲ್ಲಿಂದ ಕಾಲುಗಳು ಕವಲೊಡೆಯುತ್ತವೆ. ಆರನೆಯ ಗೆರೆಗೆ ಮೊಣಕಾಲು. ಎಂಟನೆಯ ಭಾಗದ ಕೊನೆಗೆ ಅಂಗಾಲು. ಕೈಗಳನ್ನು ಇಳಿಬಿಟ್ಟರೆ ಮೊಣಕೈ ಮೂರನೆಯ ಗೆರೆಯ ಬಳಿ, ಮಣಿಕಟ್ಟು ನಾಲ್ಕನೆಯ ಗೆರೆಯ ಬಳಿ ಬರುತ್ತವೆ. ಮಕ್ಕಳು ಕಣ್ಣುಗಳನ್ನು ಹಣೆಯ ಮೇಲೆಯೇ ಬರೆಯುತ್ತಾರೆ. ಕನ್ನಡಿಯ ಮುಂದೆ ನಿಲ್ಲಿಸಿ, ನೆತ್ತಿಯಿಂದ ಗಲ್ಲದವರೆಗೆ ಬೆರಳಿಂದ ಅಳೆಸಿದರೆ ಕಣ್ಣು ತಲೆಯ ನಡುಮಟ್ಟದಲ್ಲಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಬಟ್ಟೆಯನ್ನು ಮೈಯ ಮೇಲೆ ತೊಡಿಸಬೇಕು. ಮೊದಲು ತೆಳುವಾದ ಗೆರೆಯಲ್ಲಿ ಮೈಕಟ್ಟು, ಆಮೇಲೆ ಅಂಗಿ, ಪ್ಯಾಂಟು ಅಥವಾ ಸೀರೆ, ಕೊನೆಗೆ ಬೆಲ್ಟು, ಜೇಬು, ಟೋಪಿ. ಈ ಕ್ರಮ ತಪ್ಪಿದರೆ ಗೂಟಕ್ಕೆ ನೇತುಹಾಕಿದ ಅಂಗಿಯಂತೆ ಚಿತ್ರ ಕಾಣುತ್ತದೆ.

ಉಡುಪಿನ ಪ್ರತಿಯೊಂದಕ್ಕೂ ಕಾರಣವಿದೆ

ಸಮವಸ್ತ್ರ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ದೂರದಿಂದಲೇ ಗುರುತು ಸಿಗಬೇಕು, ಕೆಲಸಕ್ಕೆ ಅಡ್ಡಿಯಾಗಬಾರದು, ಮೈಗೆ ರಕ್ಷೆಯಾಗಬೇಕು ಎಂಬ ಮೂರು ಕಾರಣಗಳಿಂದ ಅದು ರೂಪುಗೊಂಡಿದೆ. ಬರೆಯುವಾಗ "ಇದು ಏಕೆ?" ಎಂದು ಮಗುವನ್ನು ಕೇಳುತ್ತ ಹೋಗಿರಿ. ಎದೆಯ ಮೇಲೆ ಹೆಸರಿನ ಪಟ್ಟಿ ಏಕೆ? ಜನರು ಹೆಸರು ಹಿಡಿದು ಕರೆಯಲು, ಬೇಕಾದರೆ ದೂರಲು. ತೋಳಿನ ಮೇಲಿನ ಪಟ್ಟಿಗಳೇಕೆ? ದರ್ಜೆ ತಿಳಿಯಲು. ನಿರ್ವಾಹಕರ ಹೆಗಲಿಗೆ ಚೀಲವೇಕೆ? ಓಡುವ ಬಸ್ಸಿನಲ್ಲಿ ಒಂದು ಕೈ ಕಂಬಿ ಹಿಡಿದಿರಬೇಕಲ್ಲ!

ಖಾಕಿಯ ಕಥೆಯನ್ನು ಮಕ್ಕಳು ಬಾಯಿ ತೆರೆದು ಕೇಳುತ್ತಾರೆ. ಖಾಕಿ ಎಂಬುದು ಪಾರಸಿ ಮೂಲದ ಮಾತು. ಖಾಕ್ ಎಂದರೆ ಧೂಳು, ಮಣ್ಣು. ಧೂಳು ಕೂತರೂ ಕಾಣದ ಬಣ್ಣ ಅದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬ್ರಿಟಿಷರ ಪಡೆಗಳಲ್ಲಿ ಅದು ಬಳಕೆಗೆ ಬಂದಿತು. ಅದೇ ಕಾಲದಲ್ಲಿ ನಮ್ಮ ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬವರು ಖಾಕಿ ಬಣ್ಣವನ್ನು ಸಿದ್ಧಪಡಿಸಿ ಬಟ್ಟೆಗೆ ಹಾಕಿದರು. ಖಾಕಿಯ ಚರಿತ್ರೆಯಲ್ಲಿ ಕನ್ನಡ ಕರಾವಳಿಗೂ ಹೀಗೆ ಒಂದು ಸ್ಥಾನವಿದೆ.

ಈ ಬಣ್ಣವನ್ನು ಮೇಣದ ಕಡ್ಡಿಗಳಿಂದ ಪಡೆಯುವುದು ಸುಲಭ. ಮೊದಲು ಹಳದಿಯನ್ನು ಹಗುರವಾಗಿ ಬಳಿದು, ಅದರ ಮೇಲೆ ಕಂದನ್ನು ಅಷ್ಟೇ ಹಗುರವಾಗಿ ಎಳೆದು, ತುಸು ಹಸಿರನ್ನು ಸೋಕಿಸಬೇಕು. ಅಂಗೈಯಲ್ಲಿ ಓಣಿಯ ಒಂದು ಚಿಟಿಕೆ ಒಣಮಣ್ಣು ಹಿಡಿದು ಹೋಲಿಸಿ ನೋಡಿದರೆ ಹೆಸರಿನ ಅರ್ಥವೂ ಮಗುವಿಗೆ ಮನದಟ್ಟಾಗುತ್ತದೆ.

ಅಚ್ಚಾದ ಪಟಗಳನ್ನು ನಂಬಬಾರದೆಂಬುದಕ್ಕೆ ಒಂದು ನಿದರ್ಶನ ಸಾಕು. ಒಂದು ಅಂಚು ಮೇಲಕ್ಕೆ ಮಡಿಸಿದ ಅಗಲ ಟೋಪಿ ಕರ್ನಾಟಕದ ಪೊಲೀಸ್ ಪೇದೆಗಳ ಗುರುತಾಗಿ ದಶಕಗಳ ಕಾಲ ಇತ್ತು. 2025ರ ಅಕ್ಟೋಬರಿನಲ್ಲಿ ಸರ್ಕಾರವು ಪೇದೆಗಳಿಗೂ ಮುಖ್ಯಪೇದೆಗಳಿಗೂ ಕಡುನೀಲಿ ಬಣ್ಣದ ಪೀಕ್ ಕ್ಯಾಪನ್ನು ಜಾರಿಗೆ ತಂದಿತು. ಹಳೆಯ ಪಟ ನೋಡಿ ಬರೆದ ಮಗು ಅಜ್ಜನ ಕಾಲದ ಪೊಲೀಸರನ್ನು ಬರೆಯುತ್ತದೆ. ಬೀದಿಗೆ ಬಂದು ನೋಡಿದ ಮಗು ಇಂದಿನವರನ್ನು ಬರೆಯುತ್ತದೆ. ಸಂಚಾರ ಪೊಲೀಸರ ಅಂಗಿ ಬಿಳಿಯದು ಏಕೆ ಎಂಬುದನ್ನೂ ಮಗುವೇ ಊಹಿಸಲಿ. ಬಿಸಿಲಲ್ಲಿ ನಿಂತವರಿಗೆ ಬಿಳಿ ತಂಪು. ಮುಸ್ಸಂಜೆಯ ಮಬ್ಬಿನಲ್ಲಿ ವಾಹನದವರಿಗೆ ಅದು ಬೇಗ ಕಾಣುತ್ತದೆ.

ಅಂಚೆಯವರಿಗಾಗಿ 2018ರಲ್ಲಿ ಖಾದಿ ಬಟ್ಟೆಯ ಹೊಸ ಸಮವಸ್ತ್ರ ರೂಪುಗೊಂಡಿತು. ಅಂಚೆಯಣ್ಣನ ಕೈಯಲ್ಲಿ ಒಂದು ಲಕೋಟೆ ಬರೆದು ಅದರ ಮೇಲೆ ಮಗು ತನ್ನ ಮನೆಯ ವಿಳಾಸವನ್ನೇ ಬರೆಯಲಿ. 1972ರ ಆಗಸ್ಟ್ 15ರಂದು ಆರಂಭವಾದ ಆರು ಅಂಕೆಗಳ ಪಿನ್‌ಕೋಡ್ ಕೂಡ ಇರಲಿ. ಆ ಅಂಕೆ ನಮ್ಮ ನಾಡಿನಲ್ಲಿ 56, 57, 58, 59 ಇವುಗಳಲ್ಲೊಂದರಿಂದ ಆರಂಭವಾಗುತ್ತದೆ ಎಂಬುದನ್ನು ಬಂಧುಗಳ ಪತ್ರಗಳನ್ನು ತೆಗೆದು ತೋರಿಸಿರಿ.

ಸಮವಸ್ತ್ರವೆಂದರೆ ಪ್ಯಾಂಟು, ಟೋಪಿಗಳೇ ಎಂದು ತಿಳಿಯಬಾರದು. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಗುಲಾಬಿ ಬಣ್ಣದ ಸೀರೆ ಕಂಡರೆ ಆಶಾ ಕಾರ್ಯಕರ್ತೆ ಬಂದರೆಂದು ಚಿಕ್ಕವರಿಗೂ ತಿಳಿಯುತ್ತದೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಬಂದ ಇವರು ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಎಳೆಗೂಸುಗಳ ಲಸಿಕೆಯ ದಿನವನ್ನು ನೆನಪಿಸುತ್ತಾರೆ. 2020ರ ಮಹಾಮಾರಿಯ ದಿನಗಳಲ್ಲಿ ಮನೆಮನೆಯ ಬಾಗಿಲು ತಟ್ಟಿ ಜ್ವರ ವಿಚಾರಿಸಿದವರು ಇವರೇ. ಬಸ್ಸಿನಲ್ಲಿ ಟಿಕೆಟ್ ಕೊಡುವ ಅಕ್ಕ, ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡುವ ಅಣ್ಣ, ಠಾಣೆಯ ಮಹಿಳಾ ಪೇದೆ ಇವರೆಲ್ಲ ಮಕ್ಕಳ ಹಾಳೆಗೆ ಬರಬೇಕು. ಪೊಲೀಸರೆಂದರೆ ಗಂಡಸು, ದಾದಿಯೆಂದರೆ ಹೆಂಗಸು ಎಂಬ ಹಳೆಯ ಪಟದ ಕಟ್ಟಳೆ ಇಂದಿನ ಬೀದಿಯಲ್ಲಿಲ್ಲ.

ಕೈಗವಸು ಎಲ್ಲಿ?

ಈಗ ಈ ಲೇಖನದ ಮುಖ್ಯ ಮಾತಿಗೆ ಬರುತ್ತೇವೆ. ಬೇಸಿಗೆ ರಜೆಗಳಲ್ಲಿ ಮಕ್ಕಳೊಡನೆ ಕುಳಿತು ಈ ಅಭ್ಯಾಸ ಮಾಡಿಸುವಾಗ ನಾವು ಕಂಡದ್ದೊಂದಿದೆ. ಯಾರನ್ನು ಬರೆಯುತ್ತೀರಿ ಎಂದರೆ ಮಕ್ಕಳು ಪೊಲೀಸ್, ಸೈನಿಕ, ವೈದ್ಯ, ವಿಮಾನ ಚಾಲಕ ಎನ್ನುತ್ತಾರೆ. ದಿನವೂ ಮನೆಯ ಮುಂದೆ ಬರುವ ಪೌರಕಾರ್ಮಿಕರ ಹೆಸರು ತಾನಾಗಿ ಬರುವುದು ಅಪರೂಪ. ಮನೆಗಳಲ್ಲಿ ನಾವು "ಕಸದವರು ಬಂದರು" ಎನ್ನುತ್ತೇವಲ್ಲ, ಕಸದ ಮಾತು ಮುಂದಾಗಿ ಮನುಷ್ಯರು ಹಿಂದಾದರೆ ಮಗುವಿಗೆ ಅವರ ಚಿತ್ರ ಬರೆಯಬೇಕೆಂದು ಹೇಗೆ ತೋಚೀತು?

ಒಮ್ಮೆ ಎಂಟು ವರ್ಷದ ಬಾಲಕಿಯೊಬ್ಬಳು ನಮ್ಮ ಸೂಚನೆಯಂತೆ ತನ್ನ ಓಣಿಯ ಪೌರಕಾರ್ಮಿಕ ಮಹಿಳೆಯನ್ನು ನೋಡಿ ಬರೆದಳು. ಸೀರೆಯ ಮೇಲೆ ಹೊಳೆಯುವ ಪಟ್ಟಿಯ ಮೇಲಂಗಿ, ಉದ್ದನೆಯ ಪೊರಕೆ, ತಳ್ಳುಗಾಡಿ ಎಲ್ಲ ಸೊಗಸಾಗಿದ್ದವು. ಪಕ್ಕದ ಬಾಲಕ ಶಾಲೆಯ ಪಟ ನೋಡಿ ಬರೆದಿದ್ದ. ಅವನ ಚಿತ್ರದಲ್ಲಿ ಕೈಗವಸು, ಗಂಬೂಟು, ಮುಖಗವಸು ಮೂರೂ ಇದ್ದವು. ಇವಳ ಚಿತ್ರದಲ್ಲಿ ಬರಿಗೈ, ಸವೆದ ಚಪ್ಪಲಿ. "ನೀನು ಮರೆತೆಯಾ?" ಎಂದು ಅವನು ಕೇಳಿದ. "ಇಲ್ಲ, ಅವರಿಗೆ ಇಲ್ಲ. ಏಕಿಲ್ಲ?" ಎಂದು ಅವಳು ನಮ್ಮ ಕಡೆ ತಿರುಗಿದಳು.

ಆ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ಪಟದಲ್ಲಿರುವುದು ಇರಬೇಕಾದದ್ದು, ಬೀದಿಯಲ್ಲಿರುವುದು ಇರುವಂಥದ್ದು. ಎರಡರ ನಡುವಿನ ಅಂತರವನ್ನು ಎಂಟು ವರ್ಷದ ಕಣ್ಣು ಹಿಡಿದಿತ್ತು. ಗಾಜಿನ ಚೂರು, ಕೊಳೆತ ಪದಾರ್ಥ, ಬಳಸಿ ಎಸೆದ ಸೂಜಿ ಇವೆಲ್ಲವನ್ನೂ ಬರಿಗೈಯಿಂದ ಎತ್ತುವವರಿಗೆ ಗಾಯವಾಗುತ್ತದೆ, ರೋಗ ತಗಲುತ್ತದೆ. ಪೊಲೀಸರಿಗೆ ಟೋಪಿಯಿಲ್ಲದಿದ್ದರೂ ಜೀವಕ್ಕೆ ಅಪಾಯವಿಲ್ಲ. ಇವರಿಗೆ ಕೈಗವಸಿಲ್ಲದಿದ್ದರೆ, ಕಂಬ ಹತ್ತುವವರಿಗೆ ಸುರಕ್ಷಾ ಬೆಲ್ಟೂ ರಬ್ಬರ್ ಗವಸೂ ಇಲ್ಲದಿದ್ದರೆ ಅಪಾಯವಿದೆ. ಈ ದುಡಿಮೆಗಳಲ್ಲಿ ಸಮವಸ್ತ್ರವೇ ಪ್ರಾಣರಕ್ಷೆ.

ನಮ್ಮ ನಾಡು ಈ ದಾರಿಯಲ್ಲಿ ನಡೆದೇ ಇಲ್ಲವೆಂದಲ್ಲ. ಮಲ ಹೊರುವ ಅಮಾನುಷ ಪದ್ಧತಿಯನ್ನು 1970ರ ದಶಕದ ಮೊದಲ ವರ್ಷಗಳಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ನಿಷೇಧಿಸಿದರು. ಕೇಂದ್ರದಲ್ಲಿ 1993ರಲ್ಲೊಂದು ಕಾಯಿದೆ, 2013ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು ಕಾಯಿದೆ ಬಂದವು. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಚರಂಡಿ ಗುಂಡಿಗೆ, ಮಲದ ಗುಂಡಿಗೆ ಇಳಿಸುವಂತಿಲ್ಲವೆಂದು ಎರಡನೆಯ ಕಾಯಿದೆ ವಿಧಿಸುತ್ತದೆ. ಆದರೂ ಗುಂಡಿಗಿಳಿದು ವಿಷಗಾಳಿಗೆ ಸಿಕ್ಕಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಬರುವುದು ನಿಂತಿಲ್ಲ. ಕಾಯಿದೆ ಹಾಳೆಯ ಮೇಲಿದೆ. ಅದನ್ನು ಬೀದಿಗೆ ಇಳಿಸಲು ನೋಡುವ ಕಣ್ಣುಗಳು ಬೇಕು.

ಮಗು ಇಂಥ ಪ್ರಶ್ನೆ ಕೇಳಿದಾಗ ಪಾಲಕರು ಮಾಡುವುದೇನು? "ಸುಮ್ಮನೆ ಬಣ್ಣ ಹಚ್ಚು" ಎಂದು ಗದರಿದರೆ ಆ ಕಣ್ಣು ಅಂದೇ ಮುಚ್ಚಿತು. ಇಲ್ಲದ ಕೈಗವಸನ್ನು ಚಿತ್ರದಲ್ಲಿ ಬರೆಯಿಸಿ ಸಮಾಧಾನ ಮಾಡುವುದೂ ಸಲ್ಲದು; ಅದು ಸುಳ್ಳಿನ ಪಾಠ. ಬರಿಗೈಯನ್ನು ಬರಿಗೈಯಾಗಿಯೇ ಬರೆಯಲಿ. ಆಮೇಲೆ ಮನೆಯವರು ತಮ್ಮ ಪಾಲಿನದನ್ನು ಮಾಡಲಿ. ಹಸಿಕಸ, ಒಣಕಸ ಬೇರೆ ಇಡುವುದು, ಗಾಜಿನ ಚೂರನ್ನು ದಪ್ಪ ಕಾಗದದಲ್ಲಿ ಸುತ್ತಿ ಗುರುತು ಮಾಡಿ ಕೊಡುವುದು ಇಂದೇ ಆಗಬಹುದಾದ ಕೆಲಸ. ನಗರಸಭೆಗೋ ಪಂಚಾಯಿತಿಗೋ ಓಣಿಯ ನಾಲ್ಕು ಮನೆಯವರು ಸೇರಿ, "ನಮ್ಮ ಓಣಿಯ ಕಾರ್ಮಿಕರಿಗೆ ಕೈಗವಸು, ಗಂಬೂಟು ತಲುಪಿವೆಯೇ?" ಎಂದು ಪತ್ರ ಬರೆಯುವುದು ನಾಳೆಯ ಕೆಲಸ. ಆ ಪತ್ರದ ಜೊತೆ ಮಗುವಿನ ಚಿತ್ರವನ್ನೂ ಇಡಿರಿ. ನೂರು ಮಾತಿಗಿಂತ ಅದು ಹೆಚ್ಚು ಹೇಳೀತು.

ಪಾಲಕರಿಗೆ ಕೆಲವು ಕಿವಿಮಾತು

ಮಗುವಿನ ಹಾಳೆಯ ಮೇಲೆ ನೀವು ಗೆರೆ ಎಳೆಯಬೇಡಿರಿ. ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ ತೋರಿಸಿರಿ. ರಬ್ಬರನ್ನು ದೂರ ಇಡಿರಿ. ತಪ್ಪಿದ ಗೆರೆಯ ಪಕ್ಕದಲ್ಲಿ ಸರಿಯಾದ ಗೆರೆ ಬಂದರೆ ಸಾಕು. "ಚೆನ್ನಾಗಿದೆ" ಎಂದು ಬಾಯಿಮಾತಿಗೆ ಹೊಗಳುವ ಬದಲು "ಅವರ ಸೈಕಲ್ಲಿನ ಗಂಟೆಯನ್ನೂ ನೋಡಿದೆಯಲ್ಲ!" ಎಂದು ಕಂಡದ್ದನ್ನು ಹೆಸರಿಸಿ ಮೆಚ್ಚಿರಿ. ಮುಖವನ್ನು ಖಾಲಿ ಬಿಟ್ಟು ಗುಂಡಿಗಳನ್ನಷ್ಟೇ ಬರೆದಿದ್ದರೆ, "ಅವರು ನಗುತ್ತಿದ್ದರೋ, ದಣಿದಿದ್ದರೋ?" ಎಂದು ಕೇಳಿರಿ. ಹುಬ್ಬು, ತುಟಿಗಳು ತಾವಾಗಿಯೇ ಮೂಡುತ್ತವೆ.

ಮುಗಿದ ಚಿತ್ರವನ್ನು ಮೊದಲು ಕಾಣಬೇಕಾದವರು ಯಾರ ಚಿತ್ರವೋ ಅವರೇ. ಮಗು ತನ್ನ ಕೈಯಾರೆ ಅದನ್ನು ತೋರಿಸಲಿ. ಅದಕ್ಕೆ ಒಳ್ಳೆಯ ದಿನಗಳೂ ಇವೆ. ಸೆಪ್ಟೆಂಬರ್ 23 ಕರ್ನಾಟಕದಲ್ಲಿ ಪೌರಕಾರ್ಮಿಕರ ದಿನ. ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಮಡಿದ ಹತ್ತು ಮಂದಿಯ ಸ್ಮರಣೆಯದು. ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಮುಂಬಯಿಯ ಬಂದರಿನಲ್ಲಿ ಹಡಗು ಸ್ಫೋಟಗೊಂಡಾಗ ಬೆಂಕಿಯೊಡನೆ ಹೋರಾಡಿ 66 ಅಗ್ನಿಶಾಮಕರು ಪ್ರಾಣ ತೆತ್ತರು. ಮೇ 12 ದಾದಿಯರ ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಮಗುವಿನಿಂದಲೇ ಗುರುತು ಹಾಕಿಸಿರಿ.

ಯಾವ ದುಡಿಮೆಯೂ ಕೀಳಲ್ಲವೆಂದು ನಾವು ಮಕ್ಕಳಿಗೆ ಬಾಯಲ್ಲಿ ಹೇಳುತ್ತ ಬಂದಿದ್ದೇವೆ. ಕಿವಿಯಿಂದ ಹೋದ ಮಾತು ಇನ್ನೊಂದು ಕಿವಿಯಿಂದ ಹೊರಬೀಳಬಹುದು. ಕಣ್ಣಿಂದ ಹೋಗಿ ಕೈಯಿಂದ ಬಂದದ್ದು ಉಳಿಯುತ್ತದೆ. ಬರುವ ಭಾನುವಾರ ಒಂದು ಹಾಳೆ, ಒಂದು ಸೀಸದಕಡ್ಡಿ, ನಾಲ್ಕು ಬಣ್ಣ ಮಗುವಿನ ಮುಂದಿಡಿರಿ. ಮುಂದಿನ ವಾರ ಬೀದಿ ಗುಡಿಸಲು ಬರುವ ಅಕ್ಕನನ್ನು ನಿಮ್ಮ ಮಗು ಹೆಸರು ಹಿಡಿದು ಕರೆದರೆ ಪಾಠ ಫಲಿಸಿತೆಂದು ತಿಳಿಯಿರಿ.